ಉತ್ತರಕ್ಕೆ ಕಾದು ನಿಲ್ಲುವ ಚೌಕಟ್ಟು

ಗಣಕದ ಪರದೆಯನ್ನು ಚಿತ್ರಗಳು ಇನ್ನೂ ಆವರಿಸದಿದ್ದ ಕಾಲದಲ್ಲಿ, ಐಬಿಎಂ ಪಿಸಿಯ ಡಾಸ್ ವ್ಯವಸ್ಥೆಯನ್ನು ನೆಚ್ಚಿ ದುಡಿಯುತ್ತಿದ್ದ ಪ್ರೋಗ್ರಾಮರನಿಗೆ ದೊರೆತಿದ್ದ ಕ್ಷೇತ್ರವೆಂದರೆ ಸಾಲಿಗೆ 80ರಂತೆ 25 ಸಾಲು, ಒಟ್ಟು 2000 ಮನೆಗಳ ಒಂದು ಜಾಲ. ಪ್ರತಿ ಮನೆಯಲ್ಲಿಯೂ ಅಕ್ಷರದ ಸಂಕೇತಕ್ಕೆ ಒಂದು ಬೈಟ್, ಬಣ್ಣಕ್ಕೆ ಇನ್ನೊಂದು ಬೈಟ್, ಹೀಗೆ 4000 ಬೈಟುಗಳಲ್ಲಿ ಕಣ್ಣಿಗೆ ಕಾಣುವ ಸಮಸ್ತವೂ ಅಡಗಿತ್ತು. ಇಷ್ಟು ಸಂಕುಚಿತವಾದ ಅವಕಾಶದಲ್ಲಿ ರೇಖಾಕ್ಷರಗಳನ್ನೇ ಒಂದಕ್ಕೊಂದು ಹೊಂದಿಸಿ ಕಿಟಕಿ, ಮೆನು, ಗುಂಡಿ, ಅವುಗಳ ನೆರಳು ಇವೆಲ್ಲವನ್ನೂ ನಿರ್ಮಿಸಿದವರ ಕೌಶಲ ಶ್ಲಾಘ್ಯವಾದುದು. ಪ್ರೋಗ್ರಾಮು ಬಳಕೆದಾರನನ್ನು ಏನಾದರೂ ಕೇಳಬೇಕಾದಾಗ ಪರದೆಯ ಮೇಲೆ ಮೂಡಿಬರುವ ಡಯಲಾಗ್ ಬಾಕ್ಸ್ ಎಂಬ ಚೌಕಟ್ಟೂ ಆ ಕೌಶಲದ ಫಲವೇ.

ಇಂಥ ಚೌಕಟ್ಟುಗಳಲ್ಲಿ ಮೋಡಲ್, ಮೋಡ್‌ಲೆಸ್ ಎಂದು ಎರಡು ಜಾತಿ. ರಿಜಿಸ್ಟರ್ ಟಪಾಲು ತಂದ ಅಂಚೆಯವನು ರುಜು ಬೀಳುವವರೆಗೆ ಬಾಗಿಲಿನಿಂದ ಕದಲದಿರುವಂತೆ, ಮೋಡಲ್ ಚೌಕಟ್ಟು ತನಗೆ ಉತ್ತರ ದೊರೆಯುವವರೆಗೆ ಉಳಿದ ವ್ಯವಹಾರವನ್ನೆಲ್ಲ ತಡೆದು ನಿಲ್ಲಿಸುತ್ತದೆ. ಮೋಡ್‌ಲೆಸ್ ಚೌಕಟ್ಟಾದರೋ ಬಳಕೆದಾರನು ತನ್ನ ಕೆಲಸವನ್ನು ಮುಂದುವರಿಸುತ್ತ, ಬೇಕೆನಿಸಿದಾಗ ತನ್ನ ಕಡೆ ತಿರುಗಲು ಎಡೆಗೊಟ್ಟು ಸುಮ್ಮನಿರುತ್ತದೆ. ನೋಡುವವನಿಗೆ ಅಲ್ಪವೆನಿಸುವ ಈ ಭೇದ ಬರೆಯುವವನಿಗೆ ಮೂಲಭೂತವಾದುದು.

ಬೋರ್‌ಲ್ಯಾಂಡ್ ಸಂಸ್ಥೆ 1990ರಲ್ಲಿ ಟರ್ಬೊ ಪ್ಯಾಸ್ಕಲ್‌ನ 6ನೆಯ ಆವೃತ್ತಿಯೊಡನೆ ಹೊರತಂದ ಟರ್ಬೊ ವಿಷನ್ ಎಂಬ ಲೈಬ್ರರಿಯನ್ನು ಪರಿಶೀಲಿಸಿದರೆ ಇದು ವಿಶದವಾಗುತ್ತದೆ. ಅದರಲ್ಲಿ ಬರೆದ ಪ್ರೋಗ್ರಾಮಿನ ಹೃದಯವೆಂದರೆ, ಕೀಲಿಯ ಒತ್ತನ್ನೋ ಮೌಸಿನ ಚಲನೆಯನ್ನೋ ಒಂದೊಂದಾಗಿ ಎತ್ತಿಕೊಂಡು ಸಲ್ಲತಕ್ಕ ಕಿಟಕಿಗೆ ಒಪ್ಪಿಸುತ್ತ ಎಡೆಬಿಡದೆ ಸುತ್ತುವ ಒಂದು ಆವರ್ತ. ಎಕ್ಸೆಕ್‌ವ್ಯೂ ಎಂಬ ಆಜ್ಞೆಯಿಂದ ಮೋಡಲ್ ಚೌಕಟ್ಟನ್ನು ತೆರೆದೊಡನೆ, ಆ ಮೊದಲ ಆವರ್ತದ ಒಡಲಿನಲ್ಲಿಯೇ ಎರಡನೆಯದೊಂದು ಆವರ್ತ ಹುಟ್ಟಿ, ಮೊದಲನೆಯದು ಇದ್ದಲ್ಲಿಯೇ ಸ್ತಬ್ಧವಾಗಿ, ಬಂದ ಕೀಲಿಗಳೆಲ್ಲವೂ ಚೌಕಟ್ಟಿನೊಳಕ್ಕೇ ಹರಿಯತೊಡಗುತ್ತವೆ. ಬಳಕೆದಾರನು 'ಸರಿ' ಎಂದೋ 'ಬೇಡ' ಎಂದೋ ಒತ್ತಿದಾಗ ಒಳಗಿನ ಆವರ್ತ ಮುಗಿದು, ಯಾವ ಗುಂಡಿಯನ್ನು ಒತ್ತಲಾಯಿತೆಂಬುದು ಒಂದು ಸಂಖ್ಯೆಯಾಗಿ ಹಿಂದಿರುಗುತ್ತದೆ. ಅದನ್ನು ಮುಂದಿನ ಸಾಲಿನಲ್ಲಿಯೇ ಪರೀಕ್ಷಿಸಿ ಕೆಲಸವನ್ನು ಮುಂದುವರಿಸಬಹುದು. ಪ್ರಶ್ನೆಯೂ ಉತ್ತರವೂ ಒಂದೇ ಪುಟದಲ್ಲಿ, ಒಂದರ ಕೆಳಗೊಂದು ನಿಲ್ಲುವುದರಿಂದ ಬರೆಯುವವನಿಗೆ ಇದಕ್ಕಿಂತ ಸುಲಭವಾದ ದಾರಿಯಿಲ್ಲ.

ಈ ಲೈಬ್ರರಿಯನ್ನು ರಚಿಸಿದವರ ವಿವೇಕಕ್ಕೆ ಎರಡು ಸೂಕ್ಷ್ಮಗಳು ಸಾಕ್ಷಿ. ಬಳಕೆದಾರನು 'ಸರಿ' ಎಂದರೆ, ತುಂಬಿದ ಸಂಖ್ಯೆ ಮಿತಿಯೊಳಗಿದೆಯೇ ಮುಂತಾಗಿ ಪರೀಕ್ಷೆ ನಡೆದು, ತಪ್ಪಿದ್ದಲ್ಲಿ ಚೌಕಟ್ಟು ಮುಚ್ಚಿಕೊಳ್ಳಲು ಒಪ್ಪದು. 'ಬೇಡ' ಎಂದರೆ ಮಾತ್ರ ಯಾವ ಪರೀಕ್ಷೆಯೂ ಇಲ್ಲದೆ ಬಿಡುಗಡೆ ದೊರೆಯುವುದು. ಎರಡನೆಯದಾಗಿ, ಎಂಥ ಮೋಡಲ್ ಚೌಕಟ್ಟು ತೆರೆದಿದ್ದರೂ ಪರದೆಯ ತಳದ ಸ್ಥಿತಿಸಾಲು ಮಾತ್ರ ತನ್ನ ಕೀಲಿಗಳಿಗೆ ಓಗೊಡುತ್ತ ಎಚ್ಚೆತ್ತೇ ಇರುತ್ತದೆ.

ಮೋಡ್‌ಲೆಸ್ ಚೌಕಟ್ಟಿನ ಮಾರ್ಗ ಕಠಿಣವಾದುದು. ಅದನ್ನು ಇನ್ಸರ್ಟ್ ಎಂಬ ಆಜ್ಞೆಯಿಂದ ಪರದೆಯೆಂಬ ಮೇಜಿನ ಮೇಲಿಟ್ಟ ಕ್ಷಣವೇ ಪ್ರೋಗ್ರಾಮು ಮುಂದೆ ಸಾಗಿಬಿಡುತ್ತದೆ; ಉತ್ತರ ಯಾವಾಗಲೋ ಬಂದೀತು, ಬಾರದೆಯೂ ಇದ್ದೀತು. ಆದುದರಿಂದ ಪ್ರಶ್ನೆಗೆ ಸಂಬಂಧಿಸಿದ ಮಾಹಿತಿಯನ್ನು ಚೌಕಟ್ಟು ಬದುಕಿರುವಷ್ಟು ಕಾಲವೂ ಎಲ್ಲಿಯಾದರೂ ಜೋಪಾನ ಮಾಡಬೇಕು. ಅಷ್ಟರಲ್ಲಿ ಆ ಪ್ರಶ್ನೆಗೆ ವಿಷಯವಾದ ಕಡತವನ್ನೇ ಮುಚ್ಚಿದರೆ ಏನು ಗತಿ, ಅದೇ ಚೌಕಟ್ಟನ್ನು ಎರಡನೆಯ ಬಾರಿ ಕರೆದರೆ ಹೊಸದೊಂದು ತೆರೆಯಬೇಕೇ ಎಂಬುದನ್ನೆಲ್ಲ ಮುಂಚಿತವಾಗಿ ಚಿಂತಿಸಬೇಕು. ಟರ್ಬೊ ವಿಷನ್‌ನಲ್ಲಿ 'ಸರಿ' ಎಂಬ ಗುಂಡಿಯು ತಾನಾಗಿ ಮುಚ್ಚುವುದು ಮೋಡಲ್ ಚೌಕಟ್ಟನ್ನು ಮಾತ್ರ; ಮೋಡ್‌ಲೆಸ್ ಆದರೆ ಎಸ್ಕೇಪ್ ಒತ್ತಿದರೂ ಅದು ಕದಲದಿರುವುದನ್ನು ಕಂಡು ಹೊಸಬರು ಕಂಗೆಡುವುದುಂಟು.

ಪರದೆಯನ್ನು ಚಿತ್ರಿಸುವುದರಲ್ಲಿಯೂ ಇದೇ ಭೇದ. ಮೋಡಲ್ ಚೌಕಟ್ಟಿನ ಕೆಳಗಿನ ಮನೆಗಳನ್ನು ಮೊದಲೇ ಪ್ರತಿಮಾಡಿಟ್ಟುಕೊಂಡು, ಅದು ಮುಚ್ಚಿದ ಮೇಲೆ ಹಾಗೆಯೇ ಹಿಂದಿರುಗಿಸಿದರೆ ಸಾಮಾನ್ಯವಾಗಿ ಸಾಕು, ಏಕೆಂದರೆ ಅಷ್ಟರಲ್ಲಿ ಕೆಳಗೆ ಯಾವ ಬದಲಾವಣೆಯೂ ಆಗಿರುವುದಿಲ್ಲ. ಮೋಡ್‌ಲೆಸ್ ಚೌಕಟ್ಟಿನ ಕೆಳಗೆ ಬರವಣಿಗೆ ನಡೆಯುತ್ತಲೇ ಇರುವುದರಿಂದ, ಪ್ರತಿಯೊಂದು ಕಿಟಕಿಯೂ ತನ್ನನ್ನು ತಾನೇ ಮತ್ತೆ ಬರೆದುಕೊಳ್ಳಲು ಸಮರ್ಥವಾಗಿರಬೇಕು. ಯೂನಿಕ್ಸ್ ಕಡೆಯ ಕರ್ಸಸ್ ಲೈಬ್ರರಿಗೆ ಜೊತೆಯಾದ ಪ್ಯಾನೆಲ್ ಎಂಬ ಭಾಗ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಲೆಕ್ಕವನ್ನು ಇಡುತ್ತದೆಯೇ ಹೊರತು, ಕೀಲಿ ಯಾರಿಗೆ ಸೇರಬೇಕೆಂಬ ನಿರ್ಣಯವನ್ನು ಬರೆಯುವವನ ಹೆಗಲಿಗೇ ಬಿಡುತ್ತದೆ.

ಈ ಶ್ರಮಕ್ಕೆ ಅಂಜಿ ಎಲ್ಲ ಪ್ರಶ್ನೆಗಳನ್ನೂ ಮೋಡಲ್ ಆಗಿಸುವ ಚಟವೇ ನನಗೆ ಅಸಮ್ಮತವಾದುದು. ಪ್ರೋಗ್ರಾಮರನು ಉಳಿಸಿಕೊಂಡ ಶ್ರಮವನ್ನು ಬಳಕೆದಾರನು ದಿನದಿನವೂ ತೆರಬೇಕಾಗುತ್ತದೆ. ಪದವನ್ನು ಹುಡುಕುವ ಚೌಕಟ್ಟನ್ನೇ ತೆಗೆದುಕೊಳ್ಳಿ: 60 ಅಕ್ಷರ ಅಗಲ, 15 ಸಾಲು ಎತ್ತರವಿದ್ದರೆ ಅದು 900 ಮನೆಗಳನ್ನು, ಎಂದರೆ ಪರದೆಯ ಅರ್ಧಕ್ಕೆ ಸಮೀಪವಾದ ಭಾಗವನ್ನು, ನುಂಗಿಬಿಡುತ್ತದೆ. ಹುಡುಕಬೇಕಾದ ಪದದ ಕಾಗುಣಿತ ಅದರ ಕೆಳಗೇ ಮರೆಯಾಗಿರುವಾಗ, ಚೌಕಟ್ಟನ್ನು ಸರಿಸಲು ಬಾರದಿದ್ದರೆ ಅದನ್ನು ಮುಚ್ಚಿ, ಓದಿ, ಪುನಃ ತೆರೆಯುವುದಲ್ಲದೆ ಗತ್ಯಂತರವಿಲ್ಲ. 1970ರ ದಶಕದಲ್ಲಿ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ಟಿಮೊಥಿ ಮಾಟ್‌ನೊಡನೆ ಜಿಪ್ಸಿ ಎಂಬ ಬರವಣಿಗೆಯ ಸಾಧನವನ್ನು ರೂಪಿಸಿದ ಲ್ಯಾರಿ ಟೆಸ್ಲರ್, ಬಳಕೆದಾರನನ್ನು ಒಂದು ಸ್ಥಿತಿಯಲ್ಲಿ ಕಟ್ಟಿಹಾಕುವ ಮೋಡುಗಳೇ ಇರಬಾರದೆಂಬ ಮತವನ್ನು ಬಾಳಿನುದ್ದಕ್ಕೂ ಪ್ರತಿಪಾದಿಸಿ, ಅದನ್ನು ತನ್ನ ಕಾರಿನ ಸಂಖ್ಯಾಫಲಕದ ಮೇಲೂ ಬರೆಸಿಕೊಂಡಿದ್ದನು. ಆದರೆ ಆತನ ಮತವನ್ನು ಅಕ್ಷರ ಪರದೆಗೆ ನಿರಪವಾದವಾಗಿ ಅನ್ವಯಿಸಲು ನಾನು ಹಿಂಜರಿಯುತ್ತೇನೆ. ಮೌಸಿಲ್ಲದೆ ಒಂದೇ ಕರ್ಸರನ್ನು ನಂಬಿ ಕೆಲಸ ಮಾಡುವವನಿಗೆ, ಟರ್ಬೊ ವಿಷನ್ ಮಾಡುವಂತೆ ಸಕ್ರಿಯವಾದ ಕಿಟಕಿಗೆ ಜೋಡಿಗೆರೆಯನ್ನೂ ಉಳಿದವಕ್ಕೆ ಒಂಟಿಗೆರೆಯನ್ನೂ ಎಳೆದು ತೋರಿಸದಿದ್ದರೆ, ಒತ್ತಿದ ಕೀಲಿ ಯಾವ ಚೌಕಟ್ಟಿಗೆ ಸೇರಿತೆಂಬುದೇ ತಿಳಿಯದೆ ಹೋದೀತು.

ಮೋಡಲ್ ಚೌಕಟ್ಟೇ ಯುಕ್ತವಾಗಿರುವ ಸಂದರ್ಭಗಳೂ ಇವೆ. ಲಿನಕ್ಸ್‌ನ ಸ್ಕ್ರಿಪ್ಟುಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಡಯಲಾಗ್ ಎಂಬ ಉಪಕರಣದಲ್ಲಿ ಬೇರೆ ಜಾತಿಗೆ ಆಸ್ಪದ ವಿರಳ. ಚೌಕಟ್ಟು ತೆರೆದರೆ ಸ್ಕ್ರಿಪ್ಟು ಅಲ್ಲಿಯೇ ನಿಂತು, 'ಹೌದು' ಎಂದರೆ 0, 'ಇಲ್ಲ' ಎಂದರೆ 1, ಎಸ್ಕೇಪ್ ಒತ್ತಿದರೆ 255 ಎಂಬ ಸಂಖ್ಯೆಯನ್ನು ಪಡೆದು ಮುಂದೆ ಸಾಗುತ್ತದೆ. ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಬೇಕೇ ಎಂಬಂಥ ಪ್ರಶ್ನೆಗೆ ಉತ್ತರ ಬಾರದೆ ಪ್ರೋಗ್ರಾಮು ಒಂದು ಹೆಜ್ಜೆಯನ್ನೂ ಇಡಕೂಡದು. ಅಂಥಲ್ಲಿ ಆ ಉಪಕರಣದ ಡಿಫಾಲ್ಟ್‌ನೋ ಎಂಬ ಆಯ್ಕೆಯನ್ನೂ ಸೇರಿಸುವುದು ಲೇಸು. ಆಗ ಕರ್ಸರ್ ಮೊದಲಿಗೆ 'ಇಲ್ಲ' ಎಂಬ ಗುಂಡಿಯ ಮೇಲೆಯೇ ನಿಲ್ಲುವುದರಿಂದ, ಓದದೆ ಎಂಟರ್ ಒತ್ತಿದವನ ಕಡತಗಳು ಉಳಿದುಕೊಳ್ಳುತ್ತವೆ.