ಕೋಳಿಗೆ ಚಳಿಯಲ್ಲ, ಬಾಯಾರಿಕೆ!

ನಮ್ಮ ಹಿತ್ತಲಲ್ಲಿ ಕೋಳಿಗಳಿವೆ. ಅದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ಆ ಹಿತ್ತಲು ಇರುವುದು ನನ್ನ ತವರಾದ ತೀರ್ಥಹಳ್ಳಿಯ ಕಡೆಯಲ್ಲಲ್ಲ. ಅಮೆರಿಕದ ಉತ್ತರಕ್ಕೆ, ಕೆನಡಾಕ್ಕೆ ಅಂಟಿಕೊಂಡಿರುವ ಮಿನೆಸೋಟ ರಾಜ್ಯದಲ್ಲಿ. ಇಲ್ಲಿ ಜನವರಿಯ ಬೆಳಿಗ್ಗೆ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿದ್ದರೂ ಮಕ್ಕಳಿಗೆ ಶಾಲೆ ತಪ್ಪುವುದಿಲ್ಲ.

ಕೋಳಿ ಸಾಕುವ ಹಟ ನನ್ನ ಮಗಳದ್ದು. ಒಮ್ಮೆ ರಜೆಗೆ ಊರಿಗೆ ಹೋದಾಗ ದಿನವಿಡೀ ಅಜ್ಜಿಯ ಕೋಳಿಗಳ ಹಿಂದೆ ಸುತ್ತಿದವಳು, ವಾಪಸು ಬಂದ ಮೇಲೆ ನಮಗೂ ಬೇಕೇ ಬೇಕೆಂದು ಕುಳಿತಳು. ನಗರಸಭೆಯ ಅನುಮತಿ ಪಡೆದು 2018ರ ಏಪ್ರಿಲ್‌ನಲ್ಲಿ ಆರು ಮರಿಗಳನ್ನು ತಂದೆವು. ಕೆಂಪಿ, ಕರಿಯಮ್ಮ, ಬಿಳಿಯಕ್ಕ ಎಂದೆಲ್ಲ ಅವಳೇ ಹೆಸರಿಟ್ಟಳು. ಸೆಪ್ಟೆಂಬರ್‌ನಲ್ಲಿ ಮೊದಲ ಮೊಟ್ಟೆ. ಡಿಸೆಂಬರ್ ಹೊತ್ತಿಗೆ ದಿನಕ್ಕೆ ನಾಲ್ಕು ಸಿಗುತ್ತಿದ್ದವು.

ಹೊಸ ವರ್ಷ ಬಂತು, ಮೊಟ್ಟೆ ನಿಂತಿತು.

ನಾನು ಮಾಡಿದ ತಪ್ಪು

ಪಾಪ, ಚಳಿಗೆ ಹೀಗಾಗಿದೆ ಎಂದುಕೊಂಡೆ. ಗೂಡಿನ ಮಾಡಿನ ಕೆಳಗಿದ್ದ ಗಾಳಿಕಿಂಡಿಗಳಿಗೆಲ್ಲ ಹಳೆಯ ಕಂಬಳಿ ತುರುಕಿದೆ. ಹೊರಗಿಟ್ಟರೆ ಬೇಗ ಗಡ್ಡೆಕಟ್ಟುತ್ತದೆಂದು ನೀರಿನ ಪಾತ್ರೆಯನ್ನೂ ಗೂಡಿನೊಳಗೇ ಇಟ್ಟೆ. ಅಂಗಡಿಯಿಂದ 250 ವಾಟ್‌ನ ಕಾವುದೀಪವೊಂದನ್ನೂ ತಂದೆ.

ನಾಲ್ಕೇ ದಿನಕ್ಕೆ ಗೂಡಿನ ಒಳಗೋಡೆ ಬೆವರತೊಡಗಿತು. ಬಿಳಿಯಕ್ಕನ ಕೆಂಪು ಜುಟ್ಟಿನ ತುದಿಗಳು ಕಪ್ಪಾದವು. ಕೆಂಪಿ ಮೂಲೆ ಹಿಡಿದು ಕುಳಿತಳು. ಜೋಳದ ಕಾಳು ಚೆಲ್ಲಿದರೂ ಏಳಲಿಲ್ಲ. "ಅಮ್ಮಾ, ಕೆಂಪಿ ಸತ್ತುಹೋಗ್ತಾಳಾ?" ಎಂದು ಮಗಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಪಕ್ಕದ ಮನೆಯ ಅಜ್ಜಿಯನ್ನು ಕರೆದುಕೊಂಡು ಬಂದೆ. ಹೊಲ, ಹಸು, ಕೋಳಿಗಳ ನಡುವೆಯೇ ಹುಟ್ಟಿ ಬೆಳೆದವರು ಅವರು. ಕೆಂಪಿಯನ್ನು ಎತ್ತಿ ಕೊರಳ ಬುಡದಲ್ಲಿ ಕಾಳು ಕೂಡಿಡುವ ಚೀಲವನ್ನು ಮುಟ್ಟಿ ನೋಡಿದರು. ಒಣಕಾಳು ಗಟ್ಟಿ ಉಂಡೆಯಾಗಿತ್ತು. ಆಮೇಲೆ ನೀರಿನ ಪಾತ್ರೆಗೆ ಬೆರಳು ಬಡಿದರು. ಟಣ್ ಎಂದಿತು.

"ನೀರು ಯಾವಾಗ ತುಂಬಿಸುತ್ತೀ?"

"ಬೆಳಿಗ್ಗೆ 7ಕ್ಕೆ, ಕೆಲಸಕ್ಕೆ ಹೋಗುವ ಮುಂಚೆ. ಮತ್ತೆ ಸಂಜೆ 5ಕ್ಕೆ ಬಂದ ಮೇಲೆ."

ಅಜ್ಜಿ ತಲೆಯಾಡಿಸಿದರು. ಬೆಳಗಿನ ನೀರು 9 ಗಂಟೆಯೊಳಗೆ ಕಲ್ಲು. ಚಳಿಗಾಲದಲ್ಲಿ ಇಲ್ಲಿ ಸಂಜೆ 5ಕ್ಕೆಲ್ಲ ಕತ್ತಲಾಗಿ ಕೋಳಿಗಳು ಮಲಗುವ ಕೋಲು ಏರಿರುತ್ತವೆ. ಕತ್ತಲಲ್ಲಿ ಅವು ನೀರು ಮುಟ್ಟುವುದಿಲ್ಲ. ಅಂದರೆ ಇಡೀ ದಿನದಲ್ಲಿ ನನ್ನ ಕೋಳಿಗಳಿಗೆ ನೀರು ಸಿಗುತ್ತಿದ್ದದ್ದು ಬರೀ ಒಂದೆರಡು ಗಂಟೆ!

"ಇವಕ್ಕೆ ಚಳಿಯಾಗಿಲ್ಲ, ಬಾಯಾರಿದೆ" ಎಂದರು ಅಜ್ಜಿ. "ಆ ದೀಪವನ್ನು ಅಂಗಡಿಗೆ ಹಿಂದಿರುಗಿಸು. ಹುಲ್ಲಿನ ಮೇಲೆ ಅದು ಜಾರಿ ಬಿದ್ದರೆ ಗೂಡೂ ಇಲ್ಲ, ಕೋಳಿಯೂ ಇಲ್ಲ."

ಮಗಳು ಓಡಿಹೋಗಿ ಉಗುರುಬೆಚ್ಚಗಿನ ನೀರು ತಂದಳು. ಕೆಂಪಿ ಕೊಕ್ಕು ಅದ್ದಿದಳು, ತಲೆ ಮೇಲೆತ್ತಿದಳು, ಮತ್ತೆ ಅದ್ದಿದಳು. ನಮ್ಮ ಹಾಗೆ ನೀರನ್ನು ಹೀರಿ ನುಂಗಲು ಕೋಳಿಗೆ ಬರುವುದಿಲ್ಲ. ಕೊಕ್ಕಿನಲ್ಲಿ ತುಂಬಿಕೊಂಡು ತಲೆಯೆತ್ತಿದರೆ ತಾನೇ ಗಂಟಲಿಗೆ ಇಳಿಯಬೇಕು. ಅವಳು ಎಷ್ಟು ಸಲ ತಲೆಯೆತ್ತಿದಳೋ, ಎಣಿಸುತ್ತಿದ್ದ ಮಗಳಿಗೆ ಲೆಕ್ಕ ತಪ್ಪಿತು.

ಮೊಟ್ಟೆಯೆಂದರೆ ಮುಕ್ಕಾಲು ನೀರು

ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ. ನಮಗೆ ಅಷ್ಟಿದ್ದರೆ ಆಸ್ಪತ್ರೆಗೆ ಓಡಬೇಕು! ಪುಕ್ಕಗಳನ್ನು ಉಬ್ಬಿಸಿ ನಡುವೆ ಗಾಳಿ ಹಿಡಿದಿಟ್ಟುಕೊಂಡರೆ ಅದೇ ಅದರ ರಜಾಯಿ. ಆದರೆ ಆ ಬಿಸಿ ಹುಟ್ಟುವುದು ತಿಂದ ಕಾಳಿನಿಂದ. ನೀರಿಲ್ಲದಿದ್ದರೆ ಕೋಳಿ ತಿನ್ನುವುದನ್ನೇ ಬಿಡುತ್ತದೆ.

ಮೊಟ್ಟೆಯಿಡುವ ಕೋಳಿಗೆ ದಿನಕ್ಕೆ ಸುಮಾರು ಕಾಲು ಲೀಟರ್ ನೀರು ಬೇಕು. ತಿನ್ನುವ ಕಾಳಿನ ತೂಕದ ಹೆಚ್ಚುಕಡಿಮೆ ಎರಡರಷ್ಟು. ಚಿಪ್ಪು ಬಿಟ್ಟರೆ ಮೊಟ್ಟೆಯಲ್ಲಿ ಮುಕ್ಕಾಲು ಪಾಲು ನೀರೇ. ನೀರು ಕೊಡದೆ ಮೊಟ್ಟೆ ಕೇಳಿದರೆ ಅದು ತರುವುದಾದರೂ ಎಲ್ಲಿಂದ? ಸುತ್ತಲೂ ಹಿಮ ಇದೆಯಲ್ಲ, ತಿನ್ನಲಿ ಎನ್ನುವವರೂ ಇದ್ದಾರೆ. ಒಂದೆರಡು ಸಲ ಕುಕ್ಕುತ್ತವೆ, ನಿಜ. ಆದರೆ ಬೇಕಾದಷ್ಟು ನೀರು ಅದರಿಂದ ಸಿಗದು. ಹಿಮ ಕರಗಿಸಲು ಮೈಯ ಬಿಸಿಯೂ ಖರ್ಚು.

ಎರಡು ತೊಟ್ಟಿಯ ಉಪಾಯ

ಅಜ್ಜಿ ಹೇಳಿಕೊಟ್ಟ ಉಪಾಯಕ್ಕೆ ಕರೆಂಟು ಬೇಡ. ಒಂದೇ ಅಳತೆಯ ಎರಡು ಕಪ್ಪು ರಬ್ಬರ್ ತೊಟ್ಟಿ ಸಾಕು. ಒಂದು ಕೋಳಿಗಳ ಬಳಿ, ಇನ್ನೊಂದು ಮನೆಯೊಳಗೆ. ಹೊರಗಿನದು ಗಡ್ಡೆಕಟ್ಟಿದಾಗ ಒಳಗಿನದಕ್ಕೆ ಉಗುರುಬೆಚ್ಚಗಿನ ನೀರು ತುಂಬಿಸಿ ಅದಲುಬದಲು ಮಾಡುವುದು, ಅಷ್ಟೇ.

ರಬ್ಬರೇ ಏಕೆ? ನೀರು ಮಂಜುಗಡ್ಡೆಯಾದಾಗ ಸುಮಾರು ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ನನ್ನ ಪ್ಲಾಸ್ಟಿಕ್ ಪಾತ್ರೆ ಸೀಳಿದ್ದು ಇದೇ ಕಾರಣಕ್ಕೆ. ರಬ್ಬರ್ ಬಗ್ಗುತ್ತದೆ, ತೊಟ್ಟಿ ಕವುಚಿ ಕಾಲಿನಿಂದ ತುಳಿದರೆ ಗಡ್ಡೆ ಇಡಿಯಾಗಿ ಬೀಳುತ್ತದೆ. ಕಪ್ಪು ಬಣ್ಣ ಬಿಸಿಲನ್ನು ಚೆನ್ನಾಗಿ ಹೀರುತ್ತದೆ. ಗಾಳಿ ಬೀಸದ, ಬಿಸಿಲು ಬೀಳುವ ಕಡೆ ಇಟ್ಟರೆ ಇನ್ನೂ ಒಳ್ಳೆಯದು. ಅಗಲ ತಟ್ಟೆಯಲ್ಲಿ ತೆಳುವಾಗಿ ಹಾಕಿದ ನೀರು ಬೇಗ ಗಡ್ಡೆಕಟ್ಟುತ್ತದೆ. ಆಳದ ಪಾತ್ರೆಯಲ್ಲಿ ತುಂಬಿದ ನೀರು ಹೆಚ್ಚು ಹೊತ್ತು ತಾಳುತ್ತದೆ.

ರಾತ್ರಿ ತೊಟ್ಟಿಯನ್ನು ಗೂಡಿನಿಂದ ಹೊರಗೆ ತೆಗೆಯಬೇಕು. ಕತ್ತಲಲ್ಲಿ ಹೇಗೂ ಕುಡಿಯುವುದಿಲ್ಲ, ಒಳಗಿದ್ದರೆ ತೇವ ಹೆಚ್ಚುತ್ತದೆ. ಬಿಳಿಯಕ್ಕನ ಜುಟ್ಟು ಕಪ್ಪಾಗಲು ಚಳಿಯ ಜೊತೆ ಸೇರಿದ್ದು ಆ ತೇವವೇ. ಉಸಿರು, ಹಿಕ್ಕೆ, ನಾನಿಟ್ಟ ನೀರು ಎಲ್ಲದರ ಹಸಿಯೂ ನಾನು ಮುಚ್ಚಿದ ಕಿಂಡಿಯಿಂದಾಗಿ ಒಳಗೇ ಉಳಿದಿತ್ತು. ಗದ್ದದ ಕೆಳಗೆ ಜೋಲುವ ಕೆಂಪು ತೊಗಲು ಕುಡಿಯುವಾಗ ನೆನೆದರೂ ಇದೇ ಅಪಾಯ. ಕೆನಡಾದ ಕ್ವಿಬೆಕ್‌ನಲ್ಲಿ ಕ್ರೈಸ್ತ ಸನ್ಯಾಸಿಯೊಬ್ಬರು ಚಳಿನಾಡಿಗೆಂದೇ ಶಾಂಟೆಕ್ಲೇರ್ ಎಂಬ ಕೋಳಿ ತಳಿಯನ್ನು ಬೆಳೆಸಿದರು. ಅದರ ಜುಟ್ಟೂ ಜೋಲೂ ಪುಟ್ಟಪುಟ್ಟವು. ಕಾರಣ ಈಗ ನಿಮಗೆ ಹೊಳೆದಿರಬೇಕು!

ಉಪ್ಪುನೀರಿನ ಪರೀಕ್ಷೆ

ಬಾಟಲಿಯಲ್ಲಿ ಉಪ್ಪುನೀರು ತುಂಬಿ ತೊಟ್ಟಿಯಲ್ಲಿ ತೇಲಿಬಿಟ್ಟರೆ ನೀರು ಗಡ್ಡೆಕಟ್ಟುವುದಿಲ್ಲ ಎಂದು ಯಾರೋ ಮಗಳಿಗೆ ಹೇಳಿದ್ದರು. ನೋಡೇಬಿಡೋಣ ಎಂದು ಮಾಡಿದಳು. ಬೆಳಿಗ್ಗೆ ನೋಡಿದರೆ ಬಾಟಲಿಯೊಳಗಿನ ಉಪ್ಪುನೀರು ಕುಲುಕಾಡುತ್ತಿತ್ತು. ಸುತ್ತಲಿನ ಕುಡಿಯುವ ನೀರು ಕಲ್ಲಾಗಿತ್ತು! ಉಪ್ಪು ಕಾಪಾಡಿದ್ದು ತಾನಿದ್ದ ನೀರನ್ನು ಮಾತ್ರ. ಬಾಟಲಿ ಅಲುಗಾಡಿದಾಗ ಮೇಲಿನ ತೆಳುಪದರ ಒಡೆಯಬಹುದು, ಅಷ್ಟೇ ಲಾಭ. ಕುಡಿಯುವ ನೀರಿಗೇ ಉಪ್ಪು ಹಾಕಿದರೆ ಕೋಳಿಗೆ ಅದು ವಿಷ.

ಮಕ್ಕಳೇ, ನೀವೂ ಇದನ್ನು ಮನೆಯ ಫ್ರೀಜರ್‌ನಲ್ಲಿ ಮಾಡಿ ನೋಡಬಹುದು. ಪುಟ್ಟ ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲು ಭಾಗ ನೀರು ಹಾಕಿ, ಇನ್ನು ಕರಗದು ಎನ್ನುವಷ್ಟು ಉಪ್ಪು ಬೆರೆಸಿ ಮುಚ್ಚಳ ಬಿಗಿಯಿರಿ. ನೀರು ತುಂಬಿದ ಸ್ಟೀಲ್ ಬಟ್ಟಲಿನಲ್ಲಿ ಅದನ್ನಿಟ್ಟು ಒಂದು ರಾತ್ರಿ ಬಿಡಿ.

ಕಠಿಣ ವಾರ

ಆ ಜನವರಿಯ ಕೊನೆಗೆ ಧ್ರುವಪ್ರದೇಶದ ಶೀತಗಾಳಿ ನಮ್ಮ ಮೇಲೆ ಇಳಿಯಿತು. ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿಗೂ ಕೆಳಗೆ. ಈ ಸಲ ಶಾಲೆಗೂ ರಜೆ ಕೊಟ್ಟರು. ಮಗಳು ಗೋಡೆಯ ಮೇಲೊಂದು ಪಟ್ಟಿ ಅಂಟಿಸಿದಳು: ಬೆಳಕಿರುವಷ್ಟು ಹೊತ್ತೂ ಗಂಟೆಗೊಮ್ಮೆ ನೀರು, ಒಮ್ಮೆ ಅವಳು, ಒಮ್ಮೆ ಅಪ್ಪ, ಒಮ್ಮೆ ನಾನು. ಎರಡು ಜೊತೆ ಕೈಗವಸು, ಕಣ್ಣಷ್ಟೇ ಕಾಣುವ ಟೋಪಿ. ಬಾಗಿಲಿನಿಂದ ಗೂಡಿಗೆ ಇಪ್ಪತ್ತೇ ಹೆಜ್ಜೆ. ಅಷ್ಟರಲ್ಲೇ ರೆಪ್ಪೆಗೂದಲು ಬೆಳ್ಳಗಾಗುತ್ತಿತ್ತು. ಆರೂ ಕೋಳಿಗಳು ಬಾಗಿಲ ಬಳಿ ಕಾಯುತ್ತಿದ್ದವು. ಆ ವಾರ ಒಂದನ್ನೂ ಕಳೆದುಕೊಳ್ಳಲಿಲ್ಲ.

ಮುಂದಿನ ವರ್ಷ ವಿದ್ಯುತ್ ಪೀಠ ತಂದೆವು. ನೀರು ಗಡ್ಡೆಕಟ್ಟುವ ಹಂತಕ್ಕೆ ಬಂದಾಗ ಅದು ತಾನಾಗಿ ಬಿಸಿಯಾಗುತ್ತದೆ, ಆಮೇಲೆ ಆರುತ್ತದೆ. ವೈರನ್ನು ಕೋಳಿ ಕುಕ್ಕದಂತೆ, ಇಲಿ ಕಡಿಯದಂತೆ ಕೊಳವೆಯೊಳಗೆ ಹಾಯಿಸಿದ್ದೇವೆ. ಕರೆಂಟು ಸೋರಿದರೆ ತಾನೇ ಕಡಿದುಕೊಳ್ಳುವ ಪ್ಲಗ್ ಹಾಕಿಸಿದ್ದೇವೆ. ಆದರೂ ರಬ್ಬರ್ ತೊಟ್ಟಿಗಳನ್ನು ಎಸೆದಿಲ್ಲ. ಕರೆಂಟು ಇಲ್ಲೂ ಹೋಗುತ್ತದೆ!

ಆ ಏಪ್ರಿಲ್‌ನಲ್ಲಿ ಹಿಮ ಕರಗಿತು, ಬುಟ್ಟಿಯಲ್ಲಿ ದಿನಕ್ಕೆ ಐದು ಮೊಟ್ಟೆ. ಬಿಳಿಯಕ್ಕನ ಜುಟ್ಟಿನ ತುದಿಗಳು ಮಾತ್ರ ಮತ್ತೆ ಬೆಳೆಯಲಿಲ್ಲ. ಊರಿಗೆ ಫೋನ್ ಮಾಡಿ ಅಮ್ಮನಿಗೆ ಎಲ್ಲ ಹೇಳಿದೆ.

"ಇಲ್ಲಿ ಬಿಸಿಲು ಹೇಗಿದೆ ಗೊತ್ತೇನೇ?" ಎಂದಳು ಅಮ್ಮ. "ಮಧ್ಯಾಹ್ನಕ್ಕೆ ಕೋಳಿ ನೀರು ಕಾದುಹೋಗಿರ್ತದೆ, ಮೂಸೂ ನೋಡಲ್ಲ. ದಿನಕ್ಕೆ ಮೂರು ಸಲ ಚೆಲ್ಲಿ ಬಾವಿ ನೀರು ಹಾಕ್ತೀನಿ. ನೀನು ಬಿಸಿನೀರು ಹೊರ್ತೀಯ, ನಾನು ತಣ್ಣೀರು ಹೊರ್ತೀನಿ. ಹೊರೋದು ತಪ್ಪಲ್ಲ ಬಿಡು."