‘ಪ್ರೋಗ್ರೆಸಿವ್’ ಅಂದ್ರೆ ಸುಧಾರಣೆ ಅಲ್ಲ: ಅಪ್ಪನ ಕಣ್ಣಿನ ರಿಪೋರ್ಟು, ನನ್ನ ಇಂಗ್ಲಿಷು

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಕ್ಯಾಬ್‌ನಲ್ಲಿ ಕೂತು ಓದ್ಕೋತೀವಿ ಅನ್ನೋರಿಗಾಗಿ ಈ ಬರಹ. ಈ ಸಲದ ವಿಷಯ ಕಣ್ಣು, ಜೀವ, ಆರೋಗ್ಯಕ್ಕೆ ಸಂಬಂಧಪಟ್ಟ ಇಂಗ್ಲಿಷ್ ಪದಗಳು. ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸೋದಿಲ್ಲ. ನಾನು ಎಲ್ಲಿ ಎಡವಿದೆ ಅಂತ ಹೇಳ್ತೀನಿ, ಪದಗಳು ತಾವಾಗಿ ಬರ್ತವೆ.

ಹೋದ ವರ್ಷ ಗದಗದಿಂದ ಅಪ್ಪ ಬಂದಿದ್ರು. ನಗರ ರೋಡ್ ದಾಟುವಾಗ ಪಕ್ಕದಿಂದ ಬರೋ ಬೈಕು ಅವರಿಗೆ ಕಾಣಿಸ್ತಾನೇ ಇರಲಿಲ್ಲ. ಎದುರಿನ ಬೋರ್ಡನ್ನು ಮಾತ್ರ ಸಲೀಸಾಗಿ ಓದ್ತಿದ್ರು. ಕಣ್ಣಿನ ಆಸ್ಪತ್ರೆಗೆ ಕರ್ಕೊಂಡು ಹೋದೆ. ಅಲ್ಲಿನ ಸಿಸ್ಟರ್ ಮರಾಠಿಯಲ್ಲಿ ‘ಕಾಚಬಿಂದು’ ಅಂದ್ರು. ಅಪ್ಪನಿಗೆ ಗೊತ್ತಿದ್ದದ್ದು ‘ಮೋತಿಬಿಂದು’, ಅಂದ್ರೆ ಪೊರೆ. ಎರಡರಲ್ಲೂ ಬಿಂದು ಇದೆಯಲ್ಲ!

“ಪೊರಿ ಐತಿ ಅಷ್ಟ, ತಗಸಿದ್ರ ಆತು. ನಮ್ಮ ಮೋದಿ ಡಾಕ್ಟರು ಒಂದ ದಿನದಾಗ ನೂರಾರು ಮಂದೀದು ತಗೀತಿದ್ರು” ಅಂದ್ರು.

ಅವರು ಹೇಳಿದ್ದು ಬೀಳಗಿಯ ಡಾ. ಎಂ. ಸಿ. ಮೋದಿಯವರ ಬಗ್ಗೆ. 1940ರ ದಶಕದಿಂದ ಊರೂರಿನಲ್ಲಿ ಶಿಬಿರ ಹಾಕಿ, ಒಂದೇ ದಿನ 833 ಪೊರೆ ಆಪರೇಷನ್ ಮಾಡಿ ಗಿನ್ನೆಸ್ ಪುಸ್ತಕ ಸೇರಿದವರು. ನಮ್ಮ ಕಡೆಯ ಹಿರಿಯರಿಗೆ ಕಣ್ಣಿನ ಕಾಯಿಲೆ ಅಂದ್ರೆ ಪೊರೆ, ಪೊರೆ ಅಂದ್ರೆ ಮೋದಿ ಡಾಕ್ಟರು. ಅಪ್ಪನ ತಪ್ಪೇನಿಲ್ಲ.

ಆದರೆ ಕಾಚಬಿಂದು ಅಂದ್ರೆ ಗ್ಲಾಕೋಮಾ. ‘ಕ್ಯಾಟರಾಕ್ಟ್’ನಲ್ಲಿ ಮಂಜಾಗೋದು ಕಣ್ಣಿನ ಲೆನ್ಸ್, ಅದನ್ನು ಬದಲಾಯಿಸಿದರೆ ಸಾಮಾನ್ಯವಾಗಿ ನೋಟ ಮರಳುತ್ತೆ. (ಈ ಪದಕ್ಕೆ ಜಲಪಾತ ಅನ್ನೋ ಅರ್ಥಾನೂ ಇದೆ, ಗೋಕಾಕಿಗೂ ಬಳಸಬಹುದು.) ಗ್ಲಾಕೋಮಾದಲ್ಲಿ ಹಾಳಾಗೋದು ಕಣ್ಣಿನಿಂದ ಮೆದುಳಿಗೆ ಹೋಗೋ ನರ, ಹೆಚ್ಚಾಗಿ ಕಣ್ಣೊಳಗಿನ ಒತ್ತಡದಿಂದ. ಸಾಮಾನ್ಯವಾಗಿ ಮೊದಲು ಅಕ್ಕಪಕ್ಕದ ನೋಟ ಹೋಗುತ್ತೆ. ಅದಕ್ಕೇ ಬೋರ್ಡು ಕಂಡದ್ದು, ಬೈಕು ಕಾಣದ್ದು. ಹೋದದ್ದು ವಾಪಸ್ ಬರೋಲ್ಲ. ಹನಿ ಔಷಧಿ ಒತ್ತಡ ಇಳಿಸಿ ಉಳಿದದ್ದನ್ನು ಕಾಯುತ್ತೆ, ಅಷ್ಟೇ.

ಇದನ್ನೆಲ್ಲ ಡಾಕ್ಟರ್ ವಿವರಿಸುವಾಗ ನಾನೆಲ್ಲಿದ್ದೆ? ಕಾರಿಡಾರ್‌ನಲ್ಲಿ, ಪ್ರೊಡಕ್ಷನ್ ಇಶ್ಯೂ ಕಾಲ್‌ನಲ್ಲಿ. ಆಮೇಲೆ ರಿಪೋರ್ಟ್ ಓದಿದೆ. ‘ಸ್ಲೋಲಿ ಪ್ರೋಗ್ರೆಸಿವ್’ ಅಂತಿತ್ತು. ಅಪ್ರೈಸಲ್ ಓದಿ ಓದಿ ಪಳಗಿದ ತಲೆ! ಅವ್ವನಿಗೆ ಫೋನ್ ಮಾಡಿ “ನಿಧಾನಕ್ಕ ಸುಧಾರಿಸ್ಲಿಕ್ಕತ್ತೈತಿ” ಅಂದೆ. ಕಾಯಿಲೆಯ ಹಿಂದೆ ‘ಪ್ರೋಗ್ರೆಸಿವ್’ ಬಂದ್ರೆ ಮುಂದಕ್ಕೆ ಹೋಗ್ತಿರೋದು ಕಾಯಿಲೆ, ಮನುಷ್ಯ ಅಲ್ಲ. ಸುಧಾರಿಸ್ತಿದೆ ಅಂತ ನಂಬಿದ ಅಪ್ಪ ಊರಿಗೆ ಹೋದ ಮೇಲೆ ಹನಿ ಬಿಟ್ಟುಬಿಟ್ರು. ನಾಲ್ಕು ತಿಂಗಳು. ಮತ್ತೆ ಪರೀಕ್ಷೆ ಮಾಡಿಸಿದಾಗ ಎಡಗಣ್ಣಿನ ನೋಟ ಇನ್ನಷ್ಟು ಕಿರಿದಾಗಿತ್ತು.

ಅದೇ ರಿಪೋರ್ಟಿನಲ್ಲಿ ‘ಓಡಿ’, ‘ಓಎಸ್’ ಅಂತಿತ್ತು. ಲ್ಯಾಟಿನ್‌ನಲ್ಲಿ ಬಲಗಣ್ಣು, ಎಡಗಣ್ಣು. ಆ ‘ಎಸ್’ ಅಂದ್ರೆ ಸಿನಿಸ್ಟರ್, ಎಡ. ಇಂಗ್ಲಿಷಿನಲ್ಲಿ ಅದೇ ಪದ ‘ಕೇಡಿನ ಸೂಚನೆ’ ಆಗಿಬಿಟ್ಟಿದೆ. ಇನ್ನೊಂದು ಪದ ‘ಇನ್ಸಿಡಿಯಸ್’. ಇದರ ಬೇರು ಲ್ಯಾಟಿನ್ನಿನ ‘ಹೊಂಚು’. ನೋವಿಲ್ಲದೆ, ಗೊತ್ತಾಗದಂತೆ ಒಳಗೊಳಗೇ ಬರೋ ಕಾಯಿಲೆಗೆ ಹೀಗಂತಾರೆ. ಗ್ಲಾಕೋಮಾಕ್ಕೆ ಇದಕ್ಕಿಂತ ಸರಿಯಾದ ಪದ ನನಗೆ ಸಿಕ್ಕಿಲ್ಲ. ‘ಪ್ರೋಗ್ನೋಸಿಸ್ ಗಾರ್ಡೆಡ್’ ಅಂದ್ರೆ ಸುರಕ್ಷಿತ ಅಂತಲ್ಲ, ಮುಂದೆ ಹೇಗೋ ಹೇಳಲಾಗದು, ಭರವಸೆ ಕೊಡೋಕಾಗಲ್ಲ ಅಂತ. ಇಲ್ಲೂ ನಾನು ಸೆಕ್ಯೂರಿಟಿ ಗಾರ್ಡ್ ಅಂದ್ಕೊಂಡು ನೆಮ್ಮದಿಯಾಗಿದ್ದೆ!

ಈ ಕಾಯಿಲೆ ರಕ್ತಸಂಬಂಧದಲ್ಲಿ ಬರುವ ಸಾಧ್ಯತೆ ಜಾಸ್ತಿ. ಹಾಗಾಗಿ ನಾನೂ ಪರೀಕ್ಷೆ ಮಾಡಿಸಿದೆ. ನನ್ನ ರಿಪೋರ್ಟಿನಲ್ಲಿ ‘ಅನ್‌ರಿಮಾರ್ಕಬಲ್’ ಅಂತ ಬಂತು. ಮ್ಯಾನೇಜರ್ ಹೀಗೆ ಬರೆದಿದ್ರೆ ರಾತ್ರಿ ನಿದ್ದೆ ಬರ್ತಿರಲಿಲ್ಲ. ಡಾಕ್ಟರ್ ಬರೆದರೆ ಹೇಳುವಂಥ ತೊಂದರೆ ಏನೂ ಇಲ್ಲ ಅಂತ, ಪೇಡಾ ಹಂಚಬಹುದು.

ತದ್ವಿರುದ್ಧವಾಗಿ, ಆಸ್ಪತ್ರೆ ಕಡೆಯಿಂದ ಆಫೀಸಿಗೆ ಬಂದ ಪದಗಳೂ ಇವೆ. ‘ವಯಬಲ್’ ಬೇರಿನಲ್ಲಿರೋದು ಜೀವ: ಬದುಕಿ ಉಳಿಯಬಲ್ಲದ್ದು. ನಾವು ದಿನಾ ‘ಮಿನಿಮಮ್ ವಯಬಲ್ ಪ್ರಾಡಕ್ಟ್’ ಅನ್ನುವಾಗ ಹೇಳೋದು ಅದನ್ನೇ. ‘ಮಯೋಪಿಕ್’ ಅಂದ್ರೆ ದೂರದ್ದು ಕಾಣದವನು. ಈ ಕ್ವಾರ್ಟರ್ ಮಾತ್ರ ನೋಡೋ ನಿರ್ಧಾರಕ್ಕೂ ಅದೇ ಪದ. ಇನ್ಶೂರೆನ್ಸ್ ಫಾರ್ಮಿನ ‘ಮಾರ್ಬಿಡಿಟಿ’ ಅಂದ್ರೆ ಕಾಯಿಲೆ, ‘ಮಾರ್ಟಾಲಿಟಿ’ ಅಂದ್ರೆ ಸಾವು. ಅದಲುಬದಲು ಮಾಡಬೇಡಿ. ‘ಹೆಲ್ತ್’ಗೂ ‘ಹೋಲ್’ಗೂ, ಅಂದ್ರೆ ಇಡಿಯಾಗಿರೋದಕ್ಕೂ, ಬೇರು ಒಂದೇ. ನಮ್ಮ ‘ಆರೋಗ್ಯ’ ರೋಗ ಇಲ್ಲದ್ದು ಅಂತ ಮಾತ್ರ ಹೇಳುತ್ತೆ. ಇಲ್ಲಿ ಇಂಗ್ಲಿಷೇ ಚೆಂದ ಅನಿಸುತ್ತೆ ನನಗೆ.

ಈಗ ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡ್ತೀನಿ. “ಅಪ್ಪಾ, ಹನಿ ಹಾಕ್ಕೊಂಡ್ರೇನು?” “ಹಾಕ್ಕೊಂಡೆ. ನೀ ಊಟ ಮಾಡಿದ್ಯೋ, ಇನ್ನಾ ಕಾಲ್‌ನ್ಯಾಗ ಅದಿಯೋ?” ಮೊನ್ನೆಯ ರಿಪೋರ್ಟಿನಲ್ಲಿ ‘ಸ್ಟೇಬಲ್’ ಅಂತಿತ್ತು. ಈ ಸಲ ಡಾಕ್ಟರನ್ನೇ ಕೇಳಿದೆ: ವಾಸಿಯಾಗಿಲ್ಲ, ಆದರೆ ಹೆಚ್ಚಾಗಿಯೂ ಇಲ್ಲ.

ನಿಮ್ಮ ಮನೆಯ ರಿಪೋರ್ಟಿನಲ್ಲಿ ಗೊಂದಲದ ಪದ ಇದ್ರೆ ಕಮೆಂಟಿನಲ್ಲಿ ಆ ಪದ ಮಾತ್ರ ಹಾಕಿ, ಹೆಸರು, ಫೋಟೋ ಬೇಡ. ಅರ್ಥ ನಾನು ಹೇಳ್ತೀನಿ. ಔಷಧಿ ಡಾಕ್ಟರ್ ಹೇಳಲಿ.