ಮೆಣಸಿನಕಾಯಿ ಕಲಿಸುವ ಲೆಕ್ಕ

ಸೋಮವಾರ ಇಲ್ಲವೇ ಗುರುವಾರ ಬ್ಯಾಡಗಿಯಲ್ಲಿ ಬಸ್ಸಿಳಿದವರಿಗೆ ಅಂದು ಪೇಟೆಯ ದಿನವೆಂದು ಯಾರೂ ಹೇಳಬೇಕಾಗಿಲ್ಲ. ಮೂಗಿಗೆ ಅಡರುವ ಘಾಟೇ ಅದನ್ನು ಸಾರುತ್ತದೆ. ಸುಗ್ಗಿಯ ದಿನಗಳಲ್ಲಂತೂ ಮಾರುಕಟ್ಟೆಯ ಪ್ರಾಂಗಣದಲ್ಲಿ ಕಣ್ಣು ಹಾಯಿಸಿದಷ್ಟು ದೂರ ಮೆಣಸಿನಕಾಯಿ ಚೀಲಗಳ ಸಾಲು.

2024ರ ಮಾರ್ಚ್ 11, ಸೋಮವಾರ. ಬೆಲೆ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಇದೇ ಪ್ರಾಂಗಣದಲ್ಲಿ ಕಲ್ಲು ತೂರಿದರು. ವಾಹನಗಳು ಹೊತ್ತಿ ಉರಿದವು. ಹಿಂಸೆಯನ್ನು ಯಾರೂ ಒಪ್ಪುವುದಿಲ್ಲ. ಆದರೆ ಅದರ ಹಿಂದಿದ್ದ ಪ್ರಶ್ನೆ ಸುಟ್ಟುಹೋಗಲಿಲ್ಲ. ತಿಂಗಳುಗಟ್ಟಲೆ ಬೆವರು ಸುರಿಸಿ ಬೆಳೆದವನಿಗೆ ತನ್ನ ಮಾಲಿನ ಬೆಲೆಯ ಮೇಲೆ ಹಿಡಿತವಿಲ್ಲ, ಏಕೆ?

ಸಾಮಾಜಿಕ ಉದ್ಯಮಶೀಲತೆ ಎಂಬ ದೊಡ್ಡ ಹೆಸರಿನ ವಿದ್ಯೆ ಶುರುವಾಗುವುದು ಇಂಥ ಪ್ರಶ್ನೆಯಿಂದಲೇ. ಇದು ದಾನಧರ್ಮವಲ್ಲ, ಬರೀ ಲಾಭದ ಬೇಟೆಯೂ ಅಲ್ಲ. ಜನರ ಒಂದು ಕಷ್ಟವನ್ನು ಬಗೆಹರಿಸುತ್ತ, ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುವ ವ್ಯವಹಾರ. ಅದಕ್ಕೆ 'ಸುಸ್ಥಿರ' ಎಂಬ ಮಾತು ಸೇರಿದರೆ ಇನ್ನೊಂದು ಹೊಣೆಯೂ ಬರುತ್ತದೆ. ಇಂದಿನವರ ಅಗತ್ಯ ಪೂರೈಸುವಾಗ ಮುಂದಿನ ಪೀಳಿಗೆಯ ಪಾಲನ್ನು ಕಸಿಯಬಾರದು ಎಂದು 1987ರಲ್ಲಿ ಬ್ರುಂಟ್‌ಲ್ಯಾಂಡ್ ಆಯೋಗ ಹೇಳಿದ್ದು ಅದನ್ನೇ. ಹಾವೇರಿ ಜಿಲ್ಲೆಯ ವಿದ್ಯಾರ್ಥಿಗಳಿಗೆ ಇದರ ಪಾಠಶಾಲೆ ಮನೆಯ ಬಾಗಿಲಲ್ಲೇ ಇದೆ.

ಬಣ್ಣಕ್ಕೆ ಬೆಲೆ

ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಎರಡಕ್ಕೂ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣವೇ ಅದರ ಬಂಡವಾಳ. ಕಾಯಿಯಿಂದ ತೆಗೆದ ಓಲಿಯೋರೆಸಿನ್ ಎಂಬ ಗಟ್ಟಿ ಎಣ್ಣೆ ಆಹಾರ ಪದಾರ್ಥಗಳಿಗೂ ಲಿಪ್‌ಸ್ಟಿಕ್, ನೈಲ್ ಪಾಲಿಶ್‌ಗಳಿಗೂ ಕೆಂಪು ಕೊಡುತ್ತದೆ. ಬಣ್ಣವನ್ನು ಅಳೆಯಲು 'ಆಸ್ತಾ' ಎಂಬ ಮಾನವಿದೆ. 2011ರಲ್ಲಿ ಈ ಕಾಯಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು.

ಹೆಸರು ಬಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ನೆಲದ ಮೇಲೆ ಹರವಿ ಒಣಗಿಸಿದಾಗ ತೇವ ಉಳಿದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರಬಹುದು. ಲೆಕ್ಕ ಮೀರಿ ಔಷಧಿ ಹೊಡೆದರೆ ಅದರ ಶೇಷ ಕಾಯಿಯಲ್ಲೇ ಉಳಿದು ಪರದೇಶದ ಗಿರಾಕಿ ಮಾಲನ್ನು ತಿರಸ್ಕರಿಸಬಹುದು. ಪರಿಸರದ ಕಾಳಜಿ ಭಾಷಣದ ವಿಷಯವಲ್ಲ, ಚೀಲದ ಬೆಲೆಯ ವಿಷಯ ಎಂಬುದು ಇಲ್ಲಿನ ಮೊದಲ ಪಾಠ.

ಬೀಜದ ಊರು, ಕಂಪಿನ ಊರು

ರಾಣೆಬೆನ್ನೂರಿನ ಸುತ್ತಲ ಹೊಲಗಳು ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದವು. ಟೊಮೆಟೊ, ಮೆಣಸಿನಕಾಯಿಯಂಥ ಬೆಳೆಗಳಲ್ಲಿ ಒಂದೊಂದೇ ಮೊಗ್ಗು ಬಿಡಿಸಿ, ಕೇಸರ ತೆಗೆದು, ಕೈಯಿಂದಲೇ ಪರಾಗ ಮುಟ್ಟಿಸುವ ಕೆಲಸ ಬಹುಪಾಲು ಹೆಣ್ಣುಮಕ್ಕಳದು. ಕಂಪನಿಯೊಂದಿಗೆ ಒಪ್ಪಂದ ಇರುವುದರಿಂದ ಕೊಳ್ಳುವವರು ಯಾರೆಂಬ ಚಿಂತೆಯಿಲ್ಲ. ಆದರೆ ಮೊಳಕೆ ಮತ್ತು ಶುದ್ಧತೆಯ ಪರೀಕ್ಷೆಯಲ್ಲಿ ಬೀಜ ಪಾಸಾಗದಿದ್ದರೆ ನಷ್ಟ ಯಾರಿಗೆ? ಸಹಿ ಹಾಕುವ ಮುನ್ನವೇ ಇದನ್ನು ಓದಿ ತಿಳಿಯಬೇಕು. ಇದು ಎರಡನೆಯ ಪಾಠ.

ಹಾವೇರಿಗೆ ಏಲಕ್ಕಿ ಕಂಪಿನ ಊರೆಂಬ ಹೆಸರು. ವಿಚಿತ್ರವೆಂದರೆ ಇಲ್ಲಿ ಏಲಕ್ಕಿ ಬೆಳೆಯುವುದಿಲ್ಲ! ಮಲೆನಾಡಿನಿಂದ ಬಂದ ಏಲಕ್ಕಿಯನ್ನು ಇಲ್ಲಿ ತೊಳೆದು ಹಸನು ಮಾಡುತ್ತಿದ್ದರು. ಗಣ್ಯರ ಕೊರಳಿಗೆ ಬೀಳುವ ಏಲಕ್ಕಿ ಹಾರ ಇಂದಿಗೂ ಹಾವೇರಿಯ ಕುಶಲ ಕೈಗಳದ್ದೇ. ಬೆಳೆಯದ ಊರು ಬೆಳೆಗೆ ಮೌಲ್ಯ ಸೇರಿಸಿ ಹೆಸರು ಗಳಿಸಿತು. ಮೂರನೆಯ ಪಾಠವನ್ನು ಬೇರೆ ಹೇಳಬೇಕೆ?

ಹತ್ತು ಕಿಲೋ ಉಳಿದರೆ

"ಹಾಗಾದರೆ ಕಾಯಿ ಮಾರುವ ಬದಲು ಖಾರದ ಪುಡಿ ಮಾರಿದರಾಯಿತು" ಎಂದು ಯಾರಾದರೂ ಅನ್ನಬಹುದು. ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ಕೇವಲ ಉದಾಹರಣೆಗೆ.

ಒಂದು ಕ್ವಿಂಟಲ್ ಕಾಯಿಗೆ 20,000 ರೂಪಾಯಿ. ತೊಟ್ಟು ಬಿಡಿಸುವ ಕೂಲಿ 1,500, ಬೀಸುವ ಖರ್ಚು 1,500, ಪೊಟ್ಟಣಕ್ಕೆ 1,350, ಸಾಗಾಟಕ್ಕೆ 1,000. ಒಟ್ಟು 25,350 ರೂಪಾಯಿ. ತೊಟ್ಟು, ತೇವ ಕಳೆದು 90 ಕಿಲೋ ಪುಡಿ ಸಿಕ್ಕಿತೆನ್ನಿ. ಕಿಲೋಗೆ 320ರಂತೆ ಎಲ್ಲವೂ ಮಾರಿಹೋದರೆ ಕೈಗೆ ಬರುವುದು 28,800, ಉಳಿತಾಯ 3,450. ಹತ್ತೇ ಹತ್ತು ಕಿಲೋ ಮಾರಾಟವಾಗದೆ ಉಳಿದರೆ? ಬರುವುದು 25,600, ಉಳಿತಾಯ ಬರೀ 250 ರೂಪಾಯಿ! ಅಂಗಡಿಯವನು ಒಂದು ತಿಂಗಳು ಉದ್ರಿ ಹೇಳಿದರಂತೂ ಮುಂದಿನ ಕ್ವಿಂಟಲ್‌ಗೆ ದುಡ್ಡೇ ಇಲ್ಲ.

ಈ ಲೆಕ್ಕದಲ್ಲಿ ಮನೆಯವರ ದುಡಿಮೆಗೆ ಕೂಲಿ ಹಿಡಿದಿಲ್ಲ ಎಂಬುದನ್ನೂ ಗಮನಿಸಬೇಕು. ಸದುದ್ದೇಶ ಎಷ್ಟೇ ದೊಡ್ಡದಿರಲಿ, ಖಾತೆ ಪುಸ್ತಕ ಸುಳ್ಳು ಹೇಳುವುದಿಲ್ಲ.

ಸಂಘದ ದಾರಿ

ಒಬ್ಬನ ಕೈಲಾಗದ್ದು ಹತ್ತು ಜನರಿಂದ ಆದೀತು. ಇದನ್ನು ಕಲಿಯಲು ದೂರ ಹೋಗಬೇಕಿಲ್ಲ. ನೆರೆಯ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಷ್ಟು ಹಿಂದೆಯೇ ಸಹಕಾರ ಸಂಘ ಕಟ್ಟಿದರು. ಆಗ ಅದೂ ಹಾವೇರಿಯೂ ಒಂದೇ ಧಾರವಾಡ ಜಿಲ್ಲೆಯಲ್ಲಿದ್ದವು. 1959ರಲ್ಲಿ ಮುಂಬೈಯ ಏಳು ಗೃಹಿಣಿಯರು 80 ರೂಪಾಯಿ ಸಾಲದಿಂದ ಆರಂಭಿಸಿದ ಲಿಜ್ಜತ್ ಹಪ್ಪಳದ ಕಥೆ ಎಲ್ಲರಿಗೂ ಗೊತ್ತು. 2002ರ ತಿದ್ದುಪಡಿಯ ನಂತರ ಹತ್ತು ಮಂದಿ ಬೆಳೆಗಾರರು ಸೇರಿ ತಮ್ಮದೇ ಉತ್ಪಾದಕ ಕಂಪನಿ ನೋಂದಾಯಿಸಲು ಕಾನೂನು ಅವಕಾಶ ಕೊಟ್ಟಿದೆ. ಸಂಘ ಕಟ್ಟಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಸಭೆ ಸೇರದ, ಲೆಕ್ಕ ತೋರಿಸದ ಸಂಘ ನಾಮಫಲಕದಲ್ಲಷ್ಟೇ ಉಳಿಯುತ್ತದೆ.

ವಿದ್ಯಾರ್ಥಿಗಳು ಮಾಡಬಹುದಾದದ್ದೇನು? ರಜೆಯಲ್ಲಿ ಒಂದು ಪೇಟೆಯ ದಿನ ಮನೆಯವರೊಡನೆ ಮಾರುಕಟ್ಟೆಗೆ ಹೋಗಬೇಕು. ಒಂದು ಚೀಲ ಹೊಲದಿಂದ ಅಂಗಡಿ ಸೇರುವವರೆಗೆ ಎಷ್ಟು ಕೈ ಬದಲಾಯಿಸುತ್ತದೆ, ಪ್ರತಿ ಕೈಗೆ ಏನು ಸಿಗುತ್ತದೆ, ಯಾರಿಗೆ ಏನೂ ಸಿಗುವುದಿಲ್ಲ ಎಂದು ಬರೆದುಕೊಳ್ಳಬೇಕು. ಕೊಳ್ಳುವವರು ಯಾರೆಂದು ತಿಳಿಯದೆ ಮಾಲು ತಯಾರಿಸಬಾರದು. ಹತ್ತು ಪೊಟ್ಟಣ ಮಾರಿ ನೋಡಿದ ಮೇಲೆ ನೂರರ ಮಾತು.

ತಂದೆ ತಾಯಿಯರಿಗೂ ಒಂದು ಮಾತು. ಮಗ ಓದಿ ಊರು ಬಿಟ್ಟರೇ ಉದ್ಧಾರ, ಮಗಳಿಗೆ ವ್ಯವಹಾರದ ಉಸಾಬರಿ ಏಕೆ ಎಂಬ ಮಾತು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಸುಗ್ಗಿ ಮುಗಿದ ಮೇಲೆ ಮನೆಯ ಜಮಾಖರ್ಚಿನ ಪುಸ್ತಕವನ್ನು ಒಮ್ಮೆ ಮಕ್ಕಳ ಮುಂದೆ ತೆರೆದಿಡಿ, ಸಾಲದ ಪುಟವನ್ನೂ ಮುಚ್ಚಿಡದೆ. ಮಾರ್ಚ್ 11ರ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಆ ಪುಟದಿಂದಲೇ ಶುರುವಾಗಬೇಕು.